ಹಾವು-ಏಣಿ ಹಲಗೆ ಬಿಡಿಸಿದರೆ ರೇಖೆಯ ಇಳಿಜಾರು ಅರ್ಥವಾಗುತ್ತದೆಯೇ?

ಪ್ರಶ್ನೆ: ಮಕ್ಕಳು ಇಳಿಜಾರಿನ ಸೂತ್ರವನ್ನು (ಮೇಲಕ್ಕೆ ಏರಿದ್ದನ್ನು ಬಲಕ್ಕೆ ಸರಿದದ್ದರಿಂದ ಭಾಗಿಸುವುದು) ತಪ್ಪಿಲ್ಲದೆ ಒಪ್ಪಿಸುತ್ತಾರೆ, ಎರಡು ರೇಖೆಗಳನ್ನು ತೋರಿಸಿ ಯಾವುದರ ಇಳಿಜಾರು ಹೆಚ್ಚೆಂದು ಕೇಳಿದರೆ ತಡವರಿಸುತ್ತಾರೆ. ಆಟದ ಹಲಗೆಯನ್ನು ಚಿತ್ರಿಸುವ ಚಟುವಟಿಕೆಯಿಂದ ಪ್ರಯೋಜನವಿದೆಯೇ, ಅವಧಿಯೆಲ್ಲ ಬಣ್ಣ ಹಚ್ಚುವುದರಲ್ಲೇ ಕಳೆದುಹೋಗುತ್ತದೆಯೇ?

ಉತ್ತರ: ಖಂಡಿತ ಪ್ರಯೋಜನವಿದೆ. ಆದರೆ ಚಿತ್ರ ಮುಗಿದ ಮೇಲೆ ಇಳಿಜಾರನ್ನು ಅಳೆಯಿಸಬಾರದು. ಇಳಿಜಾರನ್ನು ಮೊದಲು ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಗೆರೆ ಎಳೆಯಿಸಬೇಕು.

ಗ್ರಾಫ್ ಹಾಳೆಯ ಮೇಲೆ ಹತ್ತಕ್ಕೆ ಹತ್ತು ಮನೆಗಳ ಹಲಗೆಯನ್ನು ಹಾಕಿಸಿ, ಕೆಳಗಿನ ಎಡ ಮೂಲೆಯನ್ನು ಮೂಲಬಿಂದುವಾಗಿ ಇಟ್ಟುಕೊಳ್ಳಿ. ಎರಡೂ ಅಕ್ಷಗಳ ಪ್ರಮಾಣ ಒಂದೇ ಇರಲಿ. ಇಲ್ಲದಿದ್ದರೆ ಕಣ್ಣಿಗೆ ಕಾಣುವ ಏರಿಗೂ ಲೆಕ್ಕಕ್ಕೂ ತಾಳೆಯಾಗದು. (2, 1)ರಿಂದ ಇಳಿಜಾರು 2 ಇರುವ ಏಣಿ ಬೇಕೆಂದರೆ, ಮಗು ಬಲಕ್ಕೆ ಒಂದು ಮನೆ ಸರಿದಾಗಲೆಲ್ಲ ಮೇಲಕ್ಕೆ ಎರಡು ಮನೆ ಏರುತ್ತಾ (3, 3), (4, 5) ದಾಟಿ (5, 7)ನ್ನು ತಲುಪುತ್ತದೆ. ಪಕ್ಕದಲ್ಲಿ (7, 2)ರಿಂದ (8, 4)ರವರೆಗೆ ಪುಟ್ಟ ಏಣಿಯೊಂದನ್ನು ಹಾಕಿಸಿ. ಅದರ ಉದ್ದ ಮೊದಲನೆಯದರ ಮೂರನೆಯ ಒಂದು ಪಾಲು, ಇಳಿಜಾರು ಮಾತ್ರ ಅದೇ 2. ಉದ್ದವಾದ ಏಣಿಯೇ ಹೆಚ್ಚು ಕಡಿದು ಎಂಬ ತಪ್ಪು ಕಲ್ಪನೆ ಅಲ್ಲಿಯೇ ಕಳಚುತ್ತದೆ.

ನನ್ನ ದೃಷ್ಟಿಯಲ್ಲಿ ಈ ಚಟುವಟಿಕೆಯ ತಿರುಳಿರುವುದು ಹಾವಿನಲ್ಲಿ. (ಹಾವನ್ನು ಅಳತೆಪಟ್ಟಿ ಇಟ್ಟೇ ಎಳೆಯಿಸಬೇಕು, ಡೊಂಕಾದ ಹಾವಿಗೆ ಒಂದೇ ಇಳಿಜಾರು ಇರುವುದಿಲ್ಲ.) ಏಣಿ ಏರಿಸುತ್ತದೆ, ಹಾವು ಇಳಿಸುತ್ತದೆ, ಆದ್ದರಿಂದ ಏಣಿಯದು ಧನ, ಹಾವಿನದು ಋಣ ಎಂದು ಮಕ್ಕಳು ಬರೆದುಬಿಡುತ್ತಾರೆ. ‘ಇಳಿಜಾರು’ ಎಂಬ ಪದದಲ್ಲೇ ಇಳಿಯುವುದು ಸೇರಿಕೊಂಡಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಆಗ ತಲೆ (9, 9)ರಲ್ಲೂ ಬಾಲ (6, 3)ರಲ್ಲೂ ಇರುವ ಹಾವನ್ನು ಕೊಡಿ. ತಲೆಯಿಂದ ಬಾಲಕ್ಕೆ ಕೆಳಗೆ 6, ಎಡಕ್ಕೆ 3. −6ನ್ನು −3ರಿಂದ ಭಾಗಿಸಿದರೆ 2. ಬಾಲದಿಂದ ತಲೆಗೆ ಎಣಿಸಿದರೂ 2. ಕಾಯಿ ಯಾವ ಕಡೆಗೆ ಜಾರಿತೆಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎಡದಿಂದ ಬಲಕ್ಕೆ ನೋಡಿದಾಗ ರೇಖೆ ಏರುತ್ತದೆಯೋ ಇಳಿಯುತ್ತದೆಯೋ ಎಂಬುದಷ್ಟೇ ಚಿಹ್ನೆಯನ್ನು ನಿರ್ಧರಿಸುತ್ತದೆ. ಅದೇ ಹಾವಿನ ತಲೆಯನ್ನು (3, 9)ಕ್ಕೆ ಸರಿಸಿದರೆ ಇಳಿಜಾರು −2 ಆಗುತ್ತದೆ.

ಅಡ್ಡಗೆರೆಯ ಇಳಿಜಾರು 0. ನೆಟ್ಟಗೆ ನಿಂತ ಏಣಿಯಲ್ಲಿ ಬಲಕ್ಕೆ ಸರಿದದ್ದು 0 ಮನೆ; ಸೊನ್ನೆಯಿಂದ ಭಾಗಿಸಲಾಗದ ಕಾರಣ ಅದಕ್ಕೆ ಇಳಿಜಾರನ್ನು ಹೇಳಲು ಬರುವುದಿಲ್ಲ.

ಬಣ್ಣಕ್ಕೂ ಕೆಲಸ ಕೊಡಬಹುದು: ಒಂದೇ ಇಳಿಜಾರಿನ ಗೆರೆಗಳಿಗೆ ಒಂದೇ ಬಣ್ಣವೆಂದು ಗೊತ್ತುಮಾಡಿದರೆ, ಸಮಾಂತರ ರೇಖೆಗಳು ತಾವಾಗಿಯೇ ಗುಂಪುಗೂಡುತ್ತವೆ. ಕೊನೆಗೆ ಒಂದು ಮಗು ಆರಂಭದ ಬಿಂದು, ಇಳಿಜಾರು, ಬಲಕ್ಕೆ ಸರಿಯಬೇಕಾದ ಮನೆಗಳು ಇಷ್ಟನ್ನೇ ಚೀಟಿಯಲ್ಲಿ ಬರೆಯಲಿ, ಇನ್ನೊಂದು ಮಗು ಹಲಗೆಯನ್ನು ನೋಡದೆ ಆ ಗೆರೆಯನ್ನು ಎಳೆಯಲಿ. ಎರಡು ಚಿತ್ರಗಳು ಹೊಂದದಿದ್ದರೆ, ಏರಿದ್ದನ್ನೂ ಸರಿದದ್ದನ್ನೂ ಅದಲುಬದಲು ಮಾಡಿ 2ರ ಬದಲು 1/2 ಎಳೆದಿದ್ದಾರೆಯೇ ಎಂದು ಮೊದಲು ನೋಡಿ.