ಅಣಬೆ ರೋಗಕಾರಕಗಳ ದಾಖಲೀಕರಣ ಮತ್ತು ಡಿಎನ್‌ಎ ಬಾರ್‌ಕೋಡಿಂಗ್: ಹಸಿರು ಬೂಸ್ಟಿನ ನಿದರ್ಶನ

ಅಡಿಕೆ, ಕಾಳುಮೆಣಸು, ಶುಂಠಿ ಬೆಳೆಯುವ ನಮ್ಮ ರೈತರಿಗೆ ಟ್ರೈಕೋಡರ್ಮಾ ಎಂದರೆ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕುವ ಉಪಕಾರಿ ಶಿಲೀಂಧ್ರ. ಅಣಬೆ ಬೆಳೆಗಾರರಿಗಾದರೋ ಅದೇ ಕುಲದ ಹೆಸರು ಕೇಳಿದೊಡನೆ ಹಸಿರು ಬೂಸ್ಟು ಹಿಡಿದ ಚೀಲಗಳು ಕಣ್ಣ ಮುಂದೆ ಬರುತ್ತವೆ. ಒಂದೇ ಕುಲದ ಯಾವ ಪ್ರಭೇದ ಬೆಳೆಯನ್ನು ಕಾಯುತ್ತದೆ, ಯಾವುದು ಹಾಳುಮಾಡುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು ಅನುಭವಿಗಳಿಗೂ ಕಷ್ಟ. ಆದ್ದರಿಂದ ಡಿಎನ್‌ಎ ಓದಿ ಜೀವಿಯನ್ನು ಗುರುತಿಸುವ ಬಾರ್‌ಕೋಡಿಂಗ್‌ನ ಬಲವನ್ನೂ ಮಿತಿಯನ್ನೂ ಒಟ್ಟಿಗೆ ಅರಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

1985ರಲ್ಲಿ ಐರ್ಲೆಂಡ್‌ನ ಬಟನ್ ಅಣಬೆ ಘಟಕಗಳಲ್ಲಿ ಹಸಿರು ಬೂಸ್ಟು ವ್ಯಾಪಕವಾಗಿ ಕಾಣಿಸಿಕೊಂಡಿತು. 1990ರ ದಶಕದ ಆರಂಭದಲ್ಲಿ ಉತ್ತರ ಅಮೆರಿಕದಲ್ಲೂ ಅದೇ ಬಗೆಯ ಹಾವಳಿ ಉಂಟಾಯಿತು. ಆಗ ಎರಡನ್ನೂ ಟ್ರೈಕೋಡರ್ಮಾ ಹಾರ್ಜಿಯಾನಮ್ ಎಂದೇ ಗುರುತಿಸಿ, ಅದರೊಳಗಿನ ಉಪಗುಂಪುಗಳಿಗೆ ಟಿಎಚ್1, ಟಿಎಚ್2, ಟಿಎಚ್4 ಮುಂತಾದ ಸಂಕೇತಗಳನ್ನು ಕೊಡಲಾಗಿತ್ತು. ಹಾರ್ಜಿಯಾನಮ್ ಜೈವಿಕ ನಿಯಂತ್ರಣಕ್ಕೆ ಬಳಕೆಯಾಗುವ ಶಿಲೀಂಧ್ರವೂ ಹೌದಾದ್ದರಿಂದ, ಹೊಲಕ್ಕೆ ಹಾಕಿದ್ದೇ ಅಣಬೆ ಮನೆಗೆ ನುಗ್ಗಿತೇ ಎಂಬ ಅನುಮಾನ ಹುಟ್ಟಿದ್ದು ಸಹಜವೇ. ಡಿಎನ್‌ಎ ಹೋಲಿಕೆಯಿಂದ ಅವು ಬೇರೆ ಬೇರೆ ಎಂದು ಖಚಿತವಾಯಿತು. 2002ರಲ್ಲಿ ರೋಗಕಾರಕವನ್ನು ಟ್ರೈಕೋಡರ್ಮಾ ಅಗ್ರೆಸಿವಮ್ ಎಂಬ ಹೊಸ ಪ್ರಭೇದವಾಗಿ ವರ್ಣಿಸಿ, ಯುರೋಪಿನ ಟಿಎಚ್2ಕ್ಕೂ ಅಮೆರಿಕದ ಟಿಎಚ್4ಕ್ಕೂ ಅದರಡಿ ಎರಡು ಪ್ರತ್ಯೇಕ ರೂಪಗಳ ಸ್ಥಾನ ಕೊಡಲಾಯಿತು. ಚಿಪ್ಪು ಅಣಬೆಯನ್ನು ಕಾಡುವ ಟ್ರೈಕೋಡರ್ಮಾ ಪ್ಲೂರೋಟಿ ಮತ್ತು ಟ್ರೈಕೋಡರ್ಮಾ ಪ್ಲೂರೋಟಿಕೋಲಾ ಇವೆರಡೂ ಅಗ್ರೆಸಿವಮ್‌ಗಿಂತ ಭಿನ್ನವಾದ ಪ್ರಭೇದಗಳು.

ಜೀವಿಯ ಜೀನೋಮ್‌ನಲ್ಲಿ, ಅಂದರೆ ಒಟ್ಟು ಡಿಎನ್‌ಎಯಲ್ಲಿ, ಎಲ್ಲರೂ ಒಪ್ಪಿಕೊಂಡ ಒಂದು ಚಿಕ್ಕ ಭಾಗವನ್ನು ಓದಿ, ಅದರ ಅಕ್ಷರಗಳ ಅನುಕ್ರಮವನ್ನು ಹೆಸರು ಖಚಿತವಿರುವ ಮಾದರಿಗಳ ಅನುಕ್ರಮಗಳೊಂದಿಗೆ ಹೋಲಿಸುವುದೇ ಬಾರ್‌ಕೋಡಿಂಗ್. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಪ್ರಾಣಿಗಳಿಗಾಗಿ ಮೈಟೋಕಾಂಡ್ರಿಯಾದ ಸಿಒಐ ಜೀನನ್ನು ಸೂಚಿಸಿದರು. ಶಿಲೀಂಧ್ರಗಳಿಗೆ ಅದು ಹೊಂದಲಿಲ್ಲ. 2012ರಲ್ಲಿ ರೈಬೋಸೋಮ್ ಜೀನುಗಳ ನಡುವಿನ ಐಟಿಎಸ್ ಭಾಗವನ್ನು ಶಿಲೀಂಧ್ರಗಳ ಅಧಿಕೃತ ಬಾರ್‌ಕೋಡ್ ಎಂದು ಅಂಗೀಕರಿಸಲಾಯಿತು. ಪ್ರತಿ ಕೋಶದಲ್ಲೂ ಇದರ ಅನೇಕ ಪ್ರತಿಗಳಿರುವುದರಿಂದ ಅತ್ಯಲ್ಪ ಮಾದರಿಯಿಂದಲೂ ಪಿಸಿಆರ್ (ಡಿಎನ್‌ಎ ಭಾಗವನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಸುಲಭವಾಗಿ ಆಗುತ್ತದೆ.

ಅಣಬೆಯ ವಿಷಯದಲ್ಲಿ ತೊಡಕು ಶುರುವಾಗುವುದೇ ಈ ಸೌಲಭ್ಯದಿಂದ. ಭತ್ತದ ಎಲೆಯ ಚುಕ್ಕೆಯಿಂದ ಡಿಎನ್‌ಎ ತೆಗೆದರೆ, ಐಟಿಎಸ್1-ಎಫ್‌ನಂತಹ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ಗೊತ್ತುಮಾಡುವ ಚಿಕ್ಕ ಡಿಎನ್‌ಎ ತುಣುಕು) ಸಸ್ಯದ ಡಿಎನ್‌ಎಯನ್ನು ಬಹುಪಾಲು ಬಿಟ್ಟು ಶಿಲೀಂಧ್ರದ್ದನ್ನು ಮಾತ್ರ ಹಿಡಿಯುತ್ತದೆ. ಇಲ್ಲಿ ಆತಿಥೇಯವೂ ಶಿಲೀಂಧ್ರ, ರೋಗಕಾರಕವೂ ಶಿಲೀಂಧ್ರ. ವೆಟ್ ಬಬಲ್ ರೋಗದಿಂದ ಆಕಾರಗೆಟ್ಟು, ಮೈಮೇಲೆ ಕಂದು ಹನಿಗಳನ್ನು ಒಸರುವ ಗೆಡ್ಡೆಯೊಂದನ್ನು ಹಾಗೆಯೇ ಅರೆದು ಓದಿಸಿದರೆ, ಬಟನ್ ಅಣಬೆಯ ಅನುಕ್ರಮವೂ ಆ ರೋಗದ ಶಿಲೀಂಧ್ರವಾದ ಮೈಕೋಗೋನ್‌ನ ಅನುಕ್ರಮವೂ ಒಂದರ ಮೇಲೊಂದು ಬಿದ್ದು, ಸ್ಯಾಂಗರ್ ಕ್ರೊಮ್ಯಾಟೊಗ್ರಾಮ್‌ನಲ್ಲಿ (ಡಿಎನ್‌ಎ ಅಕ್ಷರಗಳನ್ನು ಬಣ್ಣದ ಶಿಖರಗಳಾಗಿ ತೋರಿಸುವ ನಕ್ಷೆಯಲ್ಲಿ) ಒಂದೇ ಸ್ಥಾನಕ್ಕೆ ಎರಡು ಬಣ್ಣದ ಶಿಖರಗಳು ಕಾಣಿಸಿಕೊಳ್ಳುತ್ತವೆ. ಸಾಫ್ಟ್‌ವೇರ್ ಅವುಗಳಲ್ಲಿ ಎತ್ತರದ್ದನ್ನು ಆಯ್ದು ಅಕ್ಷರಗಳನ್ನು ಕೊಟ್ಟೇಬಿಡುತ್ತದೆ; ಅಕ್ಷರಗಳನ್ನಷ್ಟೇ ನೋಡುವ ವಿದ್ಯಾರ್ಥಿಗೆ ಇದು ತಿಳಿಯುವುದೇ ಇಲ್ಲ. ಆದುದರಿಂದ ಮೊದಲು ಶುದ್ಧ ಕಲ್ಚರ್, ಅಂದರೆ ಒಂದೇ ಶಿಲೀಂಧ್ರವನ್ನು ಪ್ರತ್ಯೇಕವಾಗಿ ಬೆಳೆಸಿದ್ದು, ಬೇಕು. ಹಸಿರು ಬೂಸ್ಟಿನ ಬೀಜಾಣುಗಳನ್ನು ಕ್ರಿಮಿರಹಿತ ನೀರಿನಲ್ಲಿ ತೆಳುವಾಗಿ ಕಲಕಿ, ಅಗರ್ ಮೇಲೆ ಹರಡಿ, ಮೊಳೆತ ಒಂದೇ ಬೀಜಾಣುವನ್ನು ಸೂಜಿಯಿಂದ ಎತ್ತಿ ಬೇರೆ ತಟ್ಟೆಗೆ ದಾಟಿಸಬೇಕು. ಹಸಿರು ಬರುವ ಮೊದಲು ಟ್ರೈಕೋಡರ್ಮಾದ ಎಳೆಗಳೂ ಅಣಬೆಯ ಎಳೆಗಳಂತೆ ಬಿಳಿಯಾಗಿಯೇ ಇರುವುದರಿಂದ, ಬಿಳಿ ಅಂಚಿನಿಂದ ಕಿತ್ತ ತುಣುಕನ್ನು ನಂಬುವಂತಿಲ್ಲ.

ಕಲ್ಚರ್ ಶುದ್ಧವಾದ ಮೇಲೂ ಐಟಿಎಸ್ ಒಂದೇ ಸಾಲದು. ಹಾರ್ಜಿಯಾನಮ್ ಗುಂಪಿನ ನಿಕಟ ಪ್ರಭೇದಗಳ ನಡುವೆ ಐಟಿಎಸ್ ವ್ಯತ್ಯಾಸ ತೀರ ಕಡಿಮೆ. ಅದರಿಂದ ಕುಲವನ್ನು ಧೈರ್ಯವಾಗಿ ಹೇಳಬಹುದು, ಪ್ರಭೇದವನ್ನಲ್ಲ. ಟ್ರೈಕೋಡರ್ಮಾ ತಜ್ಞರು 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹೋಲಿಕೆಯ ಕನಿಷ್ಠ ಮಟ್ಟವನ್ನು ಐಟಿಎಸ್‌ಗೆ ಶೇ 76, ಆರ್‌ಪಿಬಿ2 ಜೀನಿಗೆ ಶೇ 99, ಟಿಇಎಫ್1 ಜೀನಿಗೆ ಶೇ 97 ಎಂದು ನಿಗದಿಪಡಿಸಿರುವುದನ್ನು ನೋಡಿದರೆ, ಪ್ರಭೇದ ನಿರ್ಣಯದ ಭಾರ ಯಾವ ಜೀನುಗಳ ಮೇಲಿದೆ ಎಂಬುದು ಸ್ಪಷ್ಟವಾಗುತ್ತದೆ. ಅನುಕ್ರಮಗಳನ್ನು ಹೋಲಿಸುವ ಬ್ಲಾಸ್ಟ್ ತಂತ್ರಾಂಶದ ಫಲಿತಾಂಶದ ಮೊದಲ ಸಾಲಿನಲ್ಲಿರುವ ಹೆಸರನ್ನು ಹಾಗೆಯೇ ಎತ್ತಿ ಬರೆದುಕೊಳ್ಳುವ ಅಭ್ಯಾಸವನ್ನೂ ಬಿಡಬೇಕು. ಸಾರ್ವಜನಿಕ ದತ್ತಾಂಶ ಭಂಡಾರಗಳಲ್ಲಿನ ಶಿಲೀಂಧ್ರ ಅನುಕ್ರಮಗಳಲ್ಲಿ ಶೇ 20ರವರೆಗೆ ತಪ್ಪು ಪ್ರಭೇದದ ಹೆಸರು ಹೊತ್ತಿರಬಹುದೆಂದು 2006ರಷ್ಟು ಹಿಂದೆಯೇ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿತ್ತು. ಪ್ರಭೇದವನ್ನು ಮೊದಲು ವರ್ಣಿಸಿದಾಗ ಆಧಾರವಾಗಿದ್ದ ಟೈಪ್ ಮಾದರಿಯ ಅನುಕ್ರಮದೊಂದಿಗೆ ಹೋಲಿಸಿದರೆ ಮಾತ್ರ ಹೆಸರಿಗೆ ಬೆಲೆ.

ಇಲ್ಲಿಯೇ ದಾಖಲೀಕರಣದ ಮಹತ್ವ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಅನುಕ್ರಮಕ್ಕಿಂತ ಇದೇ ಹೆಚ್ಚು ಶ್ರಮದ ಕೆಲಸ. ಆತಿಥೇಯ ಅಣಬೆ ಮತ್ತು ಅದರ ತಳಿ, ಊರು, ದಿನಾಂಕ, ಕಾಂಪೋಸ್ಟ್‌ನಿಂದ ಬಂತೋ ಅದರ ಮೇಲೆ ಹೊದಿಸುವ ಕೇಸಿಂಗ್ ಮಣ್ಣಿನಿಂದಲೋ, ಎಷ್ಟನೆಯ ಕೊಯ್ಲಿನಲ್ಲಿ ಕಂಡಿತು, ಲಕ್ಷಣದ ಫೋಟೊ, ಹಸಿರು ಬೂಸ್ಟಿನ ಜೊತೆ ಆಗಾಗ ಕಾಣುವ ಕೆಂಪು ನುಸಿಗಳು ಇದ್ದವೇ, ಇವೆಲ್ಲ ಕಲ್ಚರ್ ಸಂಖ್ಯೆಯ ಜೊತೆಗೆ ಒಂದೇ ನಮೂದಿನಲ್ಲಿರಬೇಕು. ಕಲ್ಚರನ್ನು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹ ಅಥವಾ ದೆಹಲಿಯ ಭಾರತೀಯ ಟೈಪ್ ಕಲ್ಚರ್ ಸಂಗ್ರಹದಂತಹ ಕಡೆ ಇರಿಸಿದರೆ, ಮುಂದೆ ಹೆಸರು ಬದಲಾದರೂ ಮತ್ತೆ ಪರೀಕ್ಷಿಸಲು ಸಾಧ್ಯ. ಹೆಸರುಗಳು ಬದಲಾಗುತ್ತಲೇ ಇರುತ್ತವೆ: ಡ್ರೈ ಬಬಲ್ ರೋಗಕಾರಕವಾದ ವರ್ಟಿಸಿಲಿಯಮ್ ಫಂಗಿಕೋಲಾ 2008ರಲ್ಲಿ ಲೆಕಾನಿಸಿಲಿಯಮ್ ಫಂಗಿಕೋಲಾ ಆಯಿತು. ಹಳೆಯ ಹೆಸರನ್ನೂ ಪಟ್ಟಿಯಲ್ಲಿ ಉಳಿಸದಿದ್ದರೆ ಅದಕ್ಕೂ ಹಿಂದಿನ ರೋಗ ವರದಿಗಳೆಲ್ಲ ಹುಡುಕಾಟಕ್ಕೆ ಸಿಗದೆ ಹೋಗುತ್ತವೆ.

ಕಂದು ಮಚ್ಚೆ ರೋಗದ ಸ್ಯೂಡೊಮೊನಾಸ್ ಟೊಲಾಸಿ ಬ್ಯಾಕ್ಟೀರಿಯಾ ಆದ್ದರಿಂದ ಅದಕ್ಕೆ ಐಟಿಎಸ್ ಬಾರ್‌ಕೋಡ್ ಅನ್ವಯಿಸುವುದಿಲ್ಲ. ಬ್ಯಾಕ್ಟೀರಿಯಾದ ರೈಬೋಸೋಮ್ ಜೀನಾದ 16ಎಸ್ ಜೊತೆಗೆ ಜೈರ್‌ಬಿಯಂತಹ ಇನ್ನೊಂದು ಜೀನು ಬೇಕಾಗುತ್ತದೆ. ವೈರಸ್‌ಗಳಿಗೆ ಎಲ್ಲಕ್ಕೂ ಸಲ್ಲುವ ಬಾರ್‌ಕೋಡ್ ಎಂಬುದೇ ಇಲ್ಲ.

ಕೊನೆಯದಾಗಿ, ಅನುಕ್ರಮವು ಅಲ್ಲಿ ಯಾವ ಜೀವಿ ಇತ್ತು ಎಂಬುದನ್ನು ಹೇಳುತ್ತದೆಯೇ ಹೊರತು ರೋಗ ತಂದದ್ದು ಅದೇ ಎಂಬುದನ್ನಲ್ಲ. ಕೊಳೆತ ಅಣಬೆಯ ಮೇಲೆ ಕೇವಲ ಕೊಳೆತದ್ದನ್ನು ತಿಂದು ಬದುಕುವ ಟ್ರೈಕೋಡರ್ಮಾ ಸಹ ಬೆಳೆದಿರಬಹುದು. ಪ್ರತ್ಯೇಕಿಸಿದ ಶಿಲೀಂಧ್ರವನ್ನು ಆರೋಗ್ಯವಾದ ಚೀಲಗಳಿಗೆ ಹಾಕಿ, ಏನೂ ಹಾಕದ ಚೀಲಗಳನ್ನು ಪಕ್ಕದಲ್ಲಿಟ್ಟು, ಅದೇ ಲಕ್ಷಣ ಬಂದಾಗ ಮತ್ತೆ ಪ್ರತ್ಯೇಕಿಸಿ, ಎರಡೂ ಬಾರಿಯ ಟಿಇಎಫ್1 ಅನುಕ್ರಮ ಒಂದೇ ಎಂದು ತೋರಿಸಿದ ನಂತರವೇ ನಮೂದಿನ ರೋಗಕಾರಕ ಎಂಬ ಅಂಕಣವನ್ನು ತುಂಬಬೇಕು.