ಉದಾಹರಣೆ ನೋಡಿ ಕಲಿಯುವ ಯಂತ್ರ

ಮೊಬೈಲಿನಲ್ಲಿ ಮೆಸೇಜ್ ಟೈಪ್ ಮಾಡುವಾಗ ಮುಂದಿನ ಪದವನ್ನು ಕೀಬೋರ್ಡೇ ಸೂಚಿಸುತ್ತದೆ. ಬೇಡದ ಮೇಲ್‌ಗಳು ತಾವಾಗಿಯೇ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬೀಳುತ್ತವೆ. ಮುಖ ತೋರಿಸಿದರೆ ಫೋನಿನ ಲಾಕ್ ತೆರೆಯುತ್ತದೆ. ಇವೆಲ್ಲ ಕೃತಕ ಬುದ್ಧಿಮತ್ತೆಯ (ಎಐ) ಕೆಲಸ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರ ಬಾಯಲ್ಲೂ ಎಐ ಮಾತೇ. ಆದರೆ ಅದಕ್ಕೂ ಎಷ್ಟೋ ಮೊದಲಿಂದ ನಮಗೇ ಗೊತ್ತಿಲ್ಲದೆ ಅದನ್ನು ಬಳಸುತ್ತಾ ಬಂದಿದ್ದೇವೆ. ಈ ವಿಷಯದ ಮೇಲೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ವಿಜ್ಞಾನಿಗಳು ಸಭೆ ಸೇರಿದ್ದು 1956ರಷ್ಟು ಹಿಂದೆ.

ಮಾಮೂಲಿ ಪ್ರೋಗ್ರಾಂಗೂ ಇದಕ್ಕೂ ಏನು ವ್ಯತ್ಯಾಸ? ಕೈಬರಹದ 7 ಅನ್ನೇ ತೆಗೆದುಕೊಳ್ಳಿ. ಒಬ್ಬರು ನೆಟ್ಟಗೆ ಬರೆಯುತ್ತಾರೆ, ಇನ್ನೊಬ್ಬರು ವಾಲಿಸುತ್ತಾರೆ, ಮತ್ತೊಬ್ಬರು ನಡುವೆ ಅಡ್ಡಗೆರೆ ಎಳೆಯುತ್ತಾರೆ. '7 ಅಂದರೆ ಹೀಗಿರಬೇಕು' ಅಂತ ನಿಯಮ ಬರೆಯಲು ಹೊರಟರೆ ಮುಗಿಯುವುದೇ ಇಲ್ಲ. ಅದಕ್ಕೇ ನಿಯಮ ಬಿಟ್ಟು ಉದಾಹರಣೆ ಕೊಡುತ್ತಾರೆ. ಎಂನಿಸ್ಟ್ ಎಂಬ ಪ್ರಸಿದ್ಧ ಸಂಗ್ರಹದಲ್ಲಿ ಕಲಿಕೆಗೆಂದೇ 60,000 ಕೈಬರಹದ ಅಂಕಿಗಳ ಚಿತ್ರಗಳಿವೆ. ಒಂದೊಂದು ಚಿತ್ರವೂ 28 ಅಡ್ಡಸಾಲು, 28 ಉದ್ದಸಾಲುಗಳಲ್ಲಿ ಜೋಡಿಸಿದ ಚುಕ್ಕಿಗಳು, ಒಟ್ಟು 784. ಯಾವ ಚುಕ್ಕಿ ಎಷ್ಟು ಕಪ್ಪು ಎಂಬುದಷ್ಟೇ ಕಂಪ್ಯೂಟರಿಗೆ ಸಿಗುವ ಮಾಹಿತಿ.

ಶುರುವಿನಲ್ಲಿ ಅದು ಸುಮ್ನೆ ಬಾಯಿಗೆ ಬಂದ ಉತ್ತರ ಕೊಡುತ್ತದೆ. 7 ತೋರಿಸಿದರೆ 3 ಅನ್ನಬಹುದು. ಸರಿ ಉತ್ತರದಿಂದ ಎಷ್ಟು ದೂರ ಹೋಯಿತು ಅಂತ ಲೆಕ್ಕ ಹಾಕಿ, ಯಾವ ಚುಕ್ಕಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಒಂದಿಷ್ಟೇ ಇಷ್ಟು ತಿದ್ದುತ್ತಾರೆ. ಮತ್ತೆ ತೋರಿಸುತ್ತಾರೆ, ಮತ್ತೆ ತಿದ್ದುತ್ತಾರೆ. ತಿದ್ದುವ ಈ ಕೆಲಸವನ್ನೂ ಕಂಪ್ಯೂಟರೇ ಮಾಡುತ್ತದೆ. ಲಕ್ಷಾಂತರ ಸಲ ಹೀಗಾದ ಮೇಲೆ, ಎಂದೂ ಕಾಣದ ಕೈಬರಹವನ್ನೂ ಅದು ಓದಿಬಿಡುತ್ತದೆ! 7 ಅಂದರೇನು ಅಂತ ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ಇಡೀ ವಿಜ್ಞಾನದಲ್ಲಿ ನನಗೆ ತುಂಬಾ ಇಷ್ಟವಾದ ಬೆರಗುಗಳಲ್ಲಿ ಇದೂ ಒಂದು.

ಚಾಟ್‌ಜಿಪಿಟಿಯಂಥ ಚಾಟ್‌ಬಾಟ್‌ಗಳ ಹಿಂದಿರುವುದೂ ಇದೇ ವಿದ್ಯೆ. ಅಲ್ಲಿ ಚುಕ್ಕಿಗಳ ಬದಲು ಪದಗಳು. ರಾಶಿಗಟ್ಟಲೆ ಬರಹ ಓದಿಸಿ, ಮುಂದೆ ಯಾವ ಪದ ಬರಬಹುದು ಅಂತ ಊಹಿಸಲು ಕಲಿಸಿರುತ್ತಾರೆ. ಪತ್ರ ತಿದ್ದಲು, ಉದ್ದದ ವರದಿಯ ಸಾರ ತೆಗೆಯಲು, ಅನುವಾದಕ್ಕೆ ಇದು ನಿಜಕ್ಕೂ ಅನುಕೂಲ. ಆದರೆ ಊಹೆ ಊಹೆಯೇ ಅಲ್ವಾ? ಇಲ್ಲದ ಪುಸ್ತಕದ ಹೆಸರನ್ನೂ ಅದು ಅಷ್ಟೇ ಧೈರ್ಯವಾಗಿ ಹೇಳಬಲ್ಲದು. ಔಷಧಿ, ಕಾನೂನು, ಹಣದ ವಿಷಯವಾದರೆ ಅದರ ಮಾತನ್ನು ಬೇರೆ ಕಡೆ ನೋಡಿ ಖಚಿತ ಮಾಡಿಕೊಳ್ಳಲೇಬೇಕು.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಕಾಡುತ್ತದೆ. ಉದಾಹರಣೆಗಳಲ್ಲಿ ಯಾರಿಲ್ಲವೋ ಅವರ ವಿಷಯದಲ್ಲಿ ಯಂತ್ರ ಎಡವುತ್ತದೆ. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ, ಮೂರು ಕಂಪನಿಗಳ ವ್ಯವಸ್ಥೆಗಳನ್ನು ಸಂಶೋಧಕರಾದ ಜಾಯ್ ಬುವೊಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇಕಡಾ 1 ಕೂಡ ದಾಟಿರಲಿಲ್ಲ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಎರಡು ವ್ಯವಸ್ಥೆಗಳ ತಪ್ಪು ಶೇಕಡಾ 34 ದಾಟಿತ್ತು. ವರದಿ ಹೊರಬಂದ ಮೇಲೆ ಆ ಕಂಪನಿಗಳು ತಮ್ಮ ವ್ಯವಸ್ಥೆಗಳನ್ನು ತಿದ್ದಿದವು, ಮುಂದಿನ ಪರೀಕ್ಷೆಯಲ್ಲಿ ತಪ್ಪು ಬಹಳ ಇಳಿದಿತ್ತು.