ವ್ಯಾನಿನ ಮೇಲಿನ ಸ್ಟಿಕ್ಕರ್: ಅಮೆರಿಕದ ಮನೆ ರಿಪೇರಿ ಸಂಘಗಳ ಹಿಂದಿನ ಕತೆ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಅಲ್ಲಿ ಅಡುಗೆಮನೆ ಒಡೆಸುವ ಮಾತು ನಡೆಯುತ್ತಿತ್ತು. 1950ರ ದಶಕದ ಮನೆ. ಒಂದೇ ಅಂತಸ್ತು, ಮರದ ಚೌಕಟ್ಟು, ಗೋಡೆ ತಟ್ಟಿದರೆ ಟೊಳ್ಳು ಸದ್ದು. ಒಗ್ಗರಣೆ ಹಾಕಿದರೆ ಮಲಗುವ ಕೋಣೆವರೆಗೂ ಘಾಟು. ಆ ಊರಿನಲ್ಲಿ ನನಗೆ ಗೊತ್ತಿರುವ ಕನ್ನಡಿಗರೆಲ್ಲ ಇಂಥ ಹಳೆ ಮನೆಗೇ ಕೋಟಿಗಟ್ಟಲೆ ಸುರಿದು, ಆಮೇಲೆ ಒಂದೊಂದೇ ಕೋಣೆ ಸರಿಮಾಡಿಸುತ್ತಾ ಕೂರುವವರು.

ಮೊದಲು ಬಂದ ಕಾಂಟ್ರಾಕ್ಟರ್‌ನ ವ್ಯಾನಿನ ಮೇಲೆ ರಿಮಾಡೆಲಿಂಗ್, ಅಂದರೆ ಮನೆ ನವೀಕರಣ ಮಾಡುವವರ ಸಂಘದ ಸ್ಟಿಕ್ಕರ್ ಇತ್ತು. ಮಾತು ಚೆನ್ನಾಗಿ ಆಡಿದ. ಅಳತೆ ತೆಗೆದುಕೊಂಡ. ಹೊರಡುವಾಗ 30 ಪರ್ಸೆಂಟ್ ಅಡ್ವಾನ್ಸ್ ಕೇಳಿದ. ಭಾವ ಚೆಕ್ ಬರೆಯಲು ಹೊರಟೇಬಿಟ್ಟಿದ್ದರು. "ಸಂಘದವರು ನೋಡಿಯೇ ಸೇರಿಸಿಕೊಂಡಿರ್ತಾರಲ್ಲ" ಅಂದರು. ಆ ಸ್ಟಿಕ್ಕರ್‌ಗೆ ಏನರ್ಥ ಅಂತ ನನಗೂ ಗೊತ್ತಿರಲಿಲ್ಲ. ಹುಡುಕುತ್ತಾ ಹೋದರೆ ಅದು ತೊಂಬತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು.

ಅಮೆರಿಕದಲ್ಲಿ ಮನೆ ನವೀಕರಣ ಮಾಡುವವರ ದೊಡ್ಡ ಸಂಘ ನ್ಯಾಷನಲ್ ಅಸೋಸಿಯೇಷನ್ ಆಫ್ ದಿ ರಿಮಾಡೆಲಿಂಗ್ ಇಂಡಸ್ಟ್ರಿ. ಇಂಗ್ಲಿಷ್‌ನ ಮೊದಲಕ್ಷರ ಸೇರಿಸಿದರೆ ನಮ್ಮ ಕಣ್ಣಿಗೆ 'ನಾರಿ' ಅಂತಲೂ ಓದಬಹುದು, 'ನರಿ' ಅಂತಲೂ ಓದಬಹುದು. ಕತೆಯಲ್ಲಿ ನರಿಗಳಿಗೇನೂ ಕೊರತೆಯಿಲ್ಲ, ಇರಲಿ. ಊರೂರಿಗೆ ಇದರ ಶಾಖೆಗಳಿವೆ. ಮನೆ ಕಟ್ಟುವವರ ಸಂಘದಲ್ಲೂ ರಿಮಾಡೆಲರ್‌ಗಳಿಗೆ ಬೇರೆಯದೇ ವಿಭಾಗ ಇದೆ. ಸದಸ್ಯರಾದವರಿಗೆ ಸಿಗುವುದು ಇಷ್ಟು: ತರಬೇತಿ, ಸರ್ಟಿಫಿಕೇಟ್ ಪರೀಕ್ಷೆ, ವಕೀಲರು ತಿದ್ದಿಕೊಟ್ಟ ಕರಾರು ಪತ್ರದ ನಮೂನೆ, ವಿಮೆಯಲ್ಲಿ ರಿಯಾಯಿತಿ, ಸಾಮಾನಿನ ಮೇಲೆ ರಿಬೇಟ್, ವರ್ಷಕ್ಕೊಮ್ಮೆ ಪ್ರಶಸ್ತಿ ಸಮಾರಂಭ. ಮಿಲ್ವಾಕಿಯಂಥ ಊರಿನಲ್ಲಿ ಸ್ಥಳೀಯ ಶಾಖೆಯೇ ದೊಡ್ಡ ಮನೆ ಮೇಳ ನಡೆಸುತ್ತದೆ. ಆದರೆ ಎಲ್ಲರೂ ಮುಖ್ಯವಾಗಿ ದುಡ್ಡು ಕಟ್ಟುವುದು ಆ ಸ್ಟಿಕ್ಕರ್‌ಗೆ. 'ನಾನು ಮೋಸಗಾರ ಅಲ್ಲ' ಅಂತ ಹೇಳುವ ಸ್ಟಿಕ್ಕರ್.

ಅದನ್ನು ಹೇಳಿಕೊಳ್ಳುವ ಅಗತ್ಯ ಯಾಕೆ ಬಂತು? ಅದಕ್ಕೆ 1934ಕ್ಕೆ ಹೋಗಬೇಕು.

ಆಗ ಮಹಾ ಆರ್ಥಿಕ ಕುಸಿತದ ಕಾಲ. ಬಡಗಿಗಳು, ಗಾರೆಯವರು, ಪ್ಲಂಬರ್‌ಗಳು ಲಕ್ಷಗಟ್ಟಲೆ ಜನ ಕೆಲಸವಿಲ್ಲದೆ ಕೂತಿದ್ದರು. ಹೊಸ ಮನೆ ಕಟ್ಟುವವರೇ ಇಲ್ಲ. ಹಳೆ ಮನೆಗಳು ಸೋರುತ್ತಿದ್ದವು, ರಿಪೇರಿಗೆ ಕಾಸಿಲ್ಲ. ಬ್ಯಾಂಕಿನಲ್ಲಿ ದುಡ್ಡಿತ್ತು, ಕೊಡಲು ಹೆದರಿಕೆ. 1934ರ ಜೂನ್ 27ರಂದು ಅಧ್ಯಕ್ಷ ರೂಸ್ವೆಲ್ಟ್ ರಾಷ್ಟ್ರೀಯ ವಸತಿ ಕಾಯ್ದೆಗೆ ಸಹಿ ಹಾಕಿದರು. ಅದರ ಮೊದಲ ಅಧ್ಯಾಯವೇ ಮನೆ ರಿಪೇರಿ ಸಾಲ. 2,000 ಡಾಲರ್‌ವರೆಗೆ, ಮನೆ ಅಡ ಇಡದೆ. ಬ್ಯಾಂಕು ಇಂಥ ಸಾಲವಾಗಿ ಒಟ್ಟು ಎಷ್ಟು ಕೊಟ್ಟಿದೆಯೋ ಅದರ 20 ಪರ್ಸೆಂಟ್‌ವರೆಗಿನ ನಷ್ಟ ಸರ್ಕಾರದ ತಲೆಗೆ. ನೂರು ಜನರಿಗೆ ಸಾಲ ಕೊಟ್ಟರೆ ಇಪ್ಪತ್ತು ಜನ ಪೂರ್ತಿ ಮುಳುಗಿಸಿದರೂ ಬ್ಯಾಂಕಿಗೆ ಚಿಂತೆಯಿಲ್ಲ ಅಂದಹಾಗೆ. ಅಷ್ಟು ಜನ ಮುಳುಗಿಸುವುದೂ ಇಲ್ಲ. ಹಾಗಾಗಿ ಬ್ಯಾಂಕಿನವರು ಯಾರ ಮನೆ, ಏನು ಕೆಲಸ ಅಂತ ಹೋಗಿ ನೋಡುವ ಗೋಜಿಗೇ ಹೋಗಲಿಲ್ಲ.

ಒಳ್ಳೆ ಯೋಜನೆಯೇ. ಅಸಂಖ್ಯ ಮನೆಗಳಿಗೆ ಹೊಸ ಚಾವಣಿ ಬಂತು, ಒಳಗೆ ಕಕ್ಕಸು ಬಂತು. ಎಡವಿದ್ದು ಒಂದೇ ಕಡೆ. ಸಾಲದ ಅರ್ಜಿ ತುಂಬಿಸಿಕೊಳ್ಳುತ್ತಿದ್ದವನು ಬ್ಯಾಂಕಿನವನಲ್ಲ, ಕೆಲಸ ಮಾರುವವನೇ. ಅವನ ಕೈಚೀಲದಲ್ಲಿ ಸ್ಯಾಂಪಲ್ ಜೊತೆಗೆ ಸಾಲದ ಫಾರಂ ಕೂಡ ಇರುತ್ತಿತ್ತು.

ಮನೆ ಮನೆ ಬಾಗಿಲು ತಟ್ಟುವ ಸೇಲ್ಸ್‌ಮನ್‌ಗಳ ಕಾಲ ಶುರುವಾಯಿತು. ಅವರು ಮಾರುತ್ತಿದ್ದದ್ದು ಹೆಚ್ಚಾಗಿ ಹೊರಗೋಡೆಗೆ ಹಾಕುವ ಹೊದಿಕೆ. ಮೊದಲು ಇಟ್ಟಿಗೆಯಂತೆ ಕಾಣುವ ಡಾಂಬರು ಹಾಳೆ, ಆಮೇಲೆ ಅಲ್ಯೂಮಿನಿಯಂ. ಬಾಲ್ಟಿಮೋರ್‌ನ ಕತೆ ಇನ್ನೂ ತಮಾಷೆ. ಅಲ್ಲಿನ ಸಾಲುಮನೆಗಳು ನಿಜವಾದ ಇಟ್ಟಿಗೆಯವು. ಆಲ್ಬರ್ಟ್ ನೈಟ್ ಅನ್ನುವವರು 1937ರಲ್ಲಿ ಫಾರ್ಮ್‌ಸ್ಟೋನ್‌ಗೆ ಪೇಟೆಂಟ್ ಪಡೆದರು. ಸಿಮೆಂಟ್ ಗಾರೆಯನ್ನು ಪದರ ಪದರವಾಗಿ ಮೆತ್ತಿ, ಬಣ್ಣ ಕೊಟ್ಟು, ಕಲ್ಲು ಜೋಡಿಸಿದಂತೆ ಗೆರೆ ಎಳೆಯುವುದು. ಗಟ್ಟಿ ಇಟ್ಟಿಗೆ ಗೋಡೆಯ ಮೇಲೆ ಸುಳ್ಳು ಕಲ್ಲು! ಬೀದಿಗೆ ಬೀದಿಯೇ ಹಾಕಿಸಿಕೊಂಡಿತು. ಒಬ್ಬರು ಹಾಕಿಸಿದರೆ ಪಕ್ಕದವರು ಸುಮ್ಮನಿರುತ್ತಾರಾ? ಈಗ ಅದೇ ಬೀದಿಗಳಲ್ಲಿ ಅದನ್ನು ಉಳಿ ಸುತ್ತಿಗೆ ಹಿಡಿದು ಕೀಳಿಸಿ, ಒಳಗಿನ ಹಳೆ ಇಟ್ಟಿಗೆ ಹೊರತೆಗೆಸುತ್ತಾರೆ. ಅದೂ ರಿಮಾಡೆಲಿಂಗ್ ಕೆಲಸವೇ.

ಫಾರ್ಮ್‌ಸ್ಟೋನ್ ಮೋಸ ಅಂತ ನಾನು ಹೇಳುತ್ತಿಲ್ಲ. ಹಾಕಿಸಿಕೊಂಡವರು ಇಷ್ಟಪಟ್ಟೇ ಹಾಕಿಸಿಕೊಂಡರು. ಮೋಸ ಬೇರೆ ಇತ್ತು. ಸೇಲ್ಸ್‌ಮನ್ ಬಂದು ಹೇಳುತ್ತಿದ್ದ: ನಿಮ್ಮ ಮನೆಯನ್ನು ಮಾದರಿ ಮನೆ ಮಾಡುತ್ತೇವೆ, ಇದನ್ನು ನೋಡಿ ಊರಿನವರು ಮಾಡಿಸಿದರೆ ಪ್ರತಿ ಮನೆಗೂ ನಿಮಗೆ ಕಮಿಷನ್, ನಿಮ್ಮ ಕೆಲಸ ಬಿಟ್ಟಿ ಆದಂತೆಯೇ. ಅದೇ ಮಾತನ್ನು ಪಕ್ಕದ ಬೀದಿಯಲ್ಲೂ ಹೇಳುತ್ತಿದ್ದ. ಸಹಿ ಹಾಕಿಸಿಕೊಳ್ಳುವಾಗ ಕಾಗದದ ಕಟ್ಟಿನಲ್ಲಿ ಇನ್ನೊಂದು ಹಾಳೆ ಸೇರಿಸುತ್ತಿದ್ದ. 'ಕೆಲಸ ಪೂರ್ತಿಯಾಗಿದೆ, ತೃಪ್ತಿಯಾಗಿದೆ' ಅನ್ನುವ ಹಾಳೆ. ಅದನ್ನು ತೋರಿಸಿದರೆ ಬ್ಯಾಂಕು ಪೂರ್ತಿ ದುಡ್ಡು ಕೊಡುತ್ತಿತ್ತು. ಮೊಳೆ ಹೊಡೆಯುವ ಮೊದಲೇ. ಆಮೇಲೆ ಅವನು ಪತ್ತೆಯಿಲ್ಲ. ಮನೆಯವರು ಬ್ಯಾಂಕಿಗೆ ಹೋಗಿ ಅತ್ತರೆ, "ನಿಮ್ಮ ಜಗಳ ಅವನ ಜೊತೆ, ಸಾಲ ನಮ್ಮದು, ಕಂತು ಕಟ್ಟಿ" ಅನ್ನುವ ಉತ್ತರ. ಕಾನೂನು ಬ್ಯಾಂಕಿನ ಕಡೆಗೇ ಇತ್ತು. ಈ ಮಾರಾಟಗಾರರಿಗೆ ಜನ 'ಸ್ವೇಡ್ ಶೂ ಹುಡುಗರು' ಅಂತ ಹೆಸರಿಟ್ಟಿದ್ದರು, ಶೋಕಿ ಬೂಟು ಹಾಕಿಕೊಂಡು ಬರುತ್ತಿದ್ದರು ಅಂತ.

1954ರಲ್ಲಿ ಎಲ್ಲ ಹೊರಬಿತ್ತು. ಐಸೆನ್‌ಹೋವರ್ ಸರ್ಕಾರ ತನಿಖೆಗೆ ಇಳಿಯಿತು. ವಸತಿ ಸಾಲದ ಇಲಾಖೆಯ ಮುಖ್ಯಸ್ಥ ಗೈ ಹಾಲಿಡೇ ಏಪ್ರಿಲ್‌ನಲ್ಲಿ ಕುರ್ಚಿ ಬಿಡಬೇಕಾಯಿತು. ಇಂಡಿಯಾನಾದ ಸೆನೆಟರ್ ಹೋಮರ್ ಕೇಪ್‌ಹಾರ್ಟ್ ನಡೆಸಿದ ವಿಚಾರಣೆಯಲ್ಲಿ ಎರಡು ಹಗರಣ ಒಟ್ಟಿಗೆ ಬಯಲಾದವು. ಒಂದು ಅಪಾರ್ಟ್‌ಮೆಂಟ್ ಬಿಲ್ಡರ್‌ಗಳದ್ದು, ಇನ್ನೊಂದು ಈ ಮನೆ ರಿಪೇರಿ ಸಾಲದ್ದು. ಅದೇ ವರ್ಷದ ಹೊಸ ಕಾಯ್ದೆ ಒಂದು ಸಣ್ಣ ಬದಲಾವಣೆ ತಂದಿತು: ಪ್ರತಿ ಸಾಲದ ನಷ್ಟದಲ್ಲೂ 10 ಪರ್ಸೆಂಟ್ ಬ್ಯಾಂಕೇ ಹೊರಬೇಕು. ತನ್ನ ಜೇಬಿಗೂ ಕತ್ತರಿ ಬೀಳುತ್ತದೆ ಅಂದಮೇಲೆ ಬ್ಯಾಂಕಿನವರು ಯಾರಿಗೆ ದುಡ್ಡು ಕೊಡುತ್ತಿದ್ದೇವೆ ಅಂತ ನೋಡಲೇಬೇಕಾಯಿತು.

ನನ್ನ ಪ್ರಕಾರ ಇಂದಿನ ಸಂಘಗಳ ಸ್ವಭಾವ ತಯಾರಾಗಿದ್ದು ಇಲ್ಲೇ. ನೆಟ್ಟಗೆ ಕೆಲಸ ಮಾಡುವ ಕಾಂಟ್ರಾಕ್ಟರ್ ಬಾಗಿಲು ತಟ್ಟಿದರೂ ಜನ ಅನುಮಾನದಿಂದ ನೋಡುವ ಹಾಗಾಗಿತ್ತು. ಆ 50ರ ದಶಕದಲ್ಲೇ ನ್ಯಾಷನಲ್ ಹೋಮ್ ಇಂಪ್ರೂವ್‌ಮೆಂಟ್ ಕೌನ್ಸಿಲ್ ಹುಟ್ಟಿತು. 80ರ ದಶಕದ ಶುರುವಿನಲ್ಲಿ ಅದು ಇನ್ನೊಂದು ರಿಮಾಡೆಲರ್ ಸಂಘದ ಜೊತೆ ಸೇರಿ ಈಗಿನ 'ನಾರಿ' ಆಯಿತು. ಸದಸ್ಯನಾಗಬೇಕಾದರೆ ನೀತಿ ಸಂಹಿತೆಗೆ ಒಪ್ಪಬೇಕು. ಒಪ್ಪಿ ತಪ್ಪಿದರೆ? ಸಂಘ ಅವನನ್ನು ಹೊರಗೆ ಹಾಕಬಹುದು. ಅಷ್ಟೇ. ದಂಡ ಹಾಕುವ ಹಾಗಿಲ್ಲ, ನಾಳೆಯಿಂದ ಕೆಲಸ ಮಾಡಬೇಡ ಅನ್ನುವ ಹಾಗಿಲ್ಲ.

ಆ ಅಧಿಕಾರ ಇರುವುದು ಲೈಸೆನ್ಸ್ ಕೊಡುವ ರಾಜ್ಯ ಸರ್ಕಾರಕ್ಕೆ, ಅದೂ ಎಲ್ಲ ಕಡೆ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾಂಟ್ರಾಕ್ಟರ್ ಲೈಸೆನ್ಸ್ ಮಂಡಳಿ 1929ರಿಂದಲೇ ಇದೆ. ಮೇರಿಲ್ಯಾಂಡ್ 1962ರಲ್ಲಿ ಮನೆ ನವೀಕರಣಕ್ಕೆಂದೇ ಆಯೋಗ ಮಾಡಿತು. ಬಾಲ್ಟಿಮೋರ್ ಅದೇ ರಾಜ್ಯದಲ್ಲಿದೆ. ಟೆಕ್ಸಸ್‌ನಲ್ಲಿ ಪ್ಲಂಬರ್‌ಗೆ, ಎಲೆಕ್ಟ್ರಿಷಿಯನ್‌ಗೆ ರಾಜ್ಯದ ಲೈಸೆನ್ಸ್ ಬೇಕು, ಆದರೆ ಒಟ್ಟು ಕೆಲಸ ವಹಿಸಿಕೊಳ್ಳುವ ಕಾಂಟ್ರಾಕ್ಟರ್‌ಗೆ ಇವತ್ತಿಗೂ ಬೇಡ. ಅಲ್ಲಿ ಸಂಘದ ಸ್ಟಿಕ್ಕರ್‌ಗೆ ತೂಕ ಜಾಸ್ತಿ, ಬೇರೆ ಗುರುತೇ ಇಲ್ಲವಲ್ಲ. ನಮ್ಮೂರಿನಲ್ಲಿ ಮೇಸ್ತ್ರಿಗೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. "ಅವರ ಮನೆಗೆ ಇವನೇ ಮಾಡಿದ್ದು" ಅನ್ನುವ ಮಾತೇ ಸರ್ಟಿಫಿಕೇಟ್.

ಕೇಂದ್ರ ಸರ್ಕಾರ ನಿಧಾನವಾಗಿ ತೂತು ಮುಚ್ಚುತ್ತಾ ಬಂತು. 1968ರ ಸಾಲ ಕಾಯ್ದೆ ಪ್ರಕಾರ, ಮನೆ ಅಡ ಇಟ್ಟು ರಿಪೇರಿ ಸಾಲ ಪಡೆದರೆ ಮೂರು ದಿನದೊಳಗೆ ಮನಸ್ಸು ಬದಲಿಸಬಹುದು. 1974ರಿಂದ, ಮನೆ ಬಾಗಿಲಿಗೆ ಬಂದು ಮಾರಿದ್ದಕ್ಕೂ ಮೂರು ದಿನದ ಅವಕಾಶ. 1976ರಿಂದ, ಮಾರಿದವನೇ ಮಾಡಿಸಿಕೊಟ್ಟ ಸಾಲವಾದರೆ ಅವನ ಮೇಲಿನ ತಕರಾರನ್ನು ಸಾಲ ಕೊಟ್ಟವನ ಮುಂದೆಯೂ ಇಡಬಹುದು. "ನಿಮ್ಮ ಜಗಳ ಅವನ ಜೊತೆ" ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಒಂದು ತೂತು ಮಾತ್ರ ಇನ್ನೂ ಇದೆ, ಅದು ಇದೆಲ್ಲಕ್ಕಿಂತ ಹಳೆಯದು. 1791ರಲ್ಲಿ ವಾಷಿಂಗ್ಟನ್ ನಗರ ಕಟ್ಟಲು ಕೆಲಸಗಾರರು ಬೇಕಿತ್ತು. ಕೂಲಿ ಬರದಿದ್ದರೆ ಏನು ಗತಿ ಅಂತ ಅವರಿಗೆ ಹೆದರಿಕೆ. ಅದಕ್ಕೆ ಮೇರಿಲ್ಯಾಂಡ್ ಒಂದು ಕಾನೂನು ಮಾಡಿತು: ದುಡ್ಡು ಬಾಕಿ ಇದ್ದರೆ ಆ ಕಟ್ಟಡದ ಮೇಲೇ ಕೆಲಸಗಾರನಿಗೆ ಹಕ್ಕು. ನ್ಯಾಯವಾದ ಕಾನೂನು, ಈಗ ಎಲ್ಲ ರಾಜ್ಯಗಳಲ್ಲೂ ಯಾವುದಾದರೂ ರೂಪದಲ್ಲಿ ಇದೆ. ಆದರೆ ನೀವು ಕಾಂಟ್ರಾಕ್ಟರ್‌ಗೆ ಪೂರ್ತಿ ದುಡ್ಡು ಕೊಟ್ಟು, ಅವನು ಟೈಲ್ಸ್ ಹಾಕಿದವನಿಗೆ ಕೊಡಲಿಲ್ಲ ಅಂದುಕೊಳ್ಳಿ. ಟೈಲ್ಸ್‌ನವನು ನಿಮ್ಮ ಮನೆಯ ಮೇಲೆ ಹಕ್ಕು ದಾಖಲಿಸಬಹುದು. ಒಂದೇ ನೆಲಕ್ಕೆ ಎರಡು ಸಲ ದುಡ್ಡು. ಅದಕ್ಕೇ ಅಲ್ಲಿ ಪ್ರತಿ ಕಂತು ಕೊಡುವಾಗಲೂ 'ನನಗೆ ಬಂತು, ಹಕ್ಕು ಬಿಟ್ಟಿದ್ದೇನೆ' ಅಂತ ಬರೆಸಿಕೊಳ್ಳುತ್ತಾರೆ. ಸಂಘ ತನ್ನ ಸದಸ್ಯರಿಗೆ ಕೊಡುವ ಕರಾರು ನಮೂನೆಗಳಿಗೆ ಬೆಲೆ ಇರುವುದು ಇಂಥ ಕಡೆ. ಸ್ವಂತ ವಕೀಲರನ್ನು ಇಟ್ಟುಕೊಳ್ಳಲು ಮೂರು ಜನರ ಕಂಪನಿಗೆ ಎಲ್ಲಿಂದ ಸಾಧ್ಯ?

ಸಂಘದ ಎರಡು ಮುಖ ಒಟ್ಟಿಗೆ ಕಾಣುವುದು ಸೀಸದ ಬಣ್ಣದ ವಿಷಯದಲ್ಲಿ. ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ಹಾಕುವುದು 1978ರಲ್ಲಿ ನಿಷೇಧವಾಯಿತು. ಹಳೆ ಮನೆಯ ಗೋಡೆಯಲ್ಲಿ ಇದ್ದದ್ದು ಅಲ್ಲೇ ಇದೆ. ಸುಮ್ನೆ ಇದ್ದರೆ ತೊಂದರೆ ಕಡಿಮೆ. ಉಜ್ಜಿದರೆ, ಒಡೆದರೆ ಧೂಳು. ಅದು ಮಗುವಿನ ಕೈಗೆ, ಕೈಯಿಂದ ಬಾಯಿಗೆ, ಅಲ್ಲಿಂದ ಮಿದುಳಿಗೆ. ಅಂದರೆ ಮನೆ ಚಂದ ಮಾಡುವ ಕೆಲಸವೇ ಅಪಾಯ ಎಬ್ಬಿಸುವ ಕೆಲಸ. 2010ರ ಏಪ್ರಿಲ್ 22ರಿಂದ ಕೇಂದ್ರದ ಪರಿಸರ ಇಲಾಖೆ ನಿಯಮ ಜಾರಿ ಮಾಡಿತು. 1978ಕ್ಕಿಂತ ಹಿಂದಿನ ಮನೆಯಲ್ಲಿ, ಒಂದು ಕೋಣೆಯೊಳಗೆ 6 ಚದರಡಿಗಿಂತ ಹೆಚ್ಚು ಬಣ್ಣದ ಜಾಗ ಕೆದಕುವುದಾದರೆ, ಎಂಟು ಗಂಟೆಯ ತರಬೇತಿ ಪಡೆದವನ ಉಸ್ತುವಾರಿ ಬೇಕು. ಪ್ಲಾಸ್ಟಿಕ್ ಹಾಳೆ ಕಟ್ಟಬೇಕು, ಧೂಳು ಹೊರಗೆ ಹೋಗಬಾರದು.

ಸಂಘಗಳು ತರಬೇತಿ ಕ್ಲಾಸು ನಡೆಸಿದವು. ಸದಸ್ಯರಿಗೆ ಅದು ನಿಜವಾಗಲೂ ಉಪಯೋಗಕ್ಕೆ ಬಂತು. ಅದೇ ವೇಳೆ ಇನ್ನೊಂದು ಜಗಳವೂ ನಡೆಯಿತು. ಮೊದಲಿನ ನಿಯಮದಲ್ಲಿ, ಚಿಕ್ಕ ಮಕ್ಕಳು, ಗರ್ಭಿಣಿಯರು ಇಲ್ಲದ ಮನೆಯ ಮಾಲೀಕರು ಈ ಜಾಗ್ರತೆ ಬೇಡ ಅಂತ ಬರೆದುಕೊಡಬಹುದಿತ್ತು. ಇಲಾಖೆ ಅದನ್ನು ತೆಗೆದುಹಾಕಿತು. ಮನೆ ಕಟ್ಟುವವರ ಸಂಘ ಕೋರ್ಟಿಗೆ ಹೋಯಿತು. ಖರ್ಚು ಜಾಸ್ತಿ ಆದರೆ ಗಿರಾಕಿ ಲೈಸೆನ್ಸ್ ಇಲ್ಲದವನ ಹತ್ತಿರ ಹೋಗುತ್ತಾನೆ ಅನ್ನುವುದು ಈ ಧಂದೆಯವರ ಹಳೆ ವಾದ. 2012ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟು ಇಲಾಖೆಯ ಪರ ತೀರ್ಪು ಕೊಟ್ಟಿತು. ಆ ವಾದ ಪೂರ್ತಿ ಸುಳ್ಳೇನಲ್ಲ. ಆದರೆ ಮನೆ ಮಾರಿ ಹೋದಮೇಲೆ ಬರುವವರಿಗೆ ಮಗು ಇರಬಹುದು ಅಲ್ವಾ? ಭಾರತದಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಬಂದದ್ದು 2017ರ ನವೆಂಬರ್‌ನಲ್ಲಿ. ಬೆಂಗಳೂರಿನಲ್ಲಿ ಹಳೆ ಕಿಟಕಿಗೆ ಉಪ್ಪುಕಾಗದ ಹಾಕಿ ಉಜ್ಜಿಸುವಾಗ ಪಕ್ಕದಲ್ಲೇ ಮಕ್ಕಳು ಆಡುತ್ತಿರುತ್ತಾರೆ.

ಸದಸ್ಯರಿಗೆ ಆರೋಗ್ಯ ವಿಮೆ ಕೊಡಿಸುವುದು ಸಂಘಗಳ ಇನ್ನೊಂದು ಹಳೆ ಆಸೆ. 2018ರಲ್ಲಿ ಟ್ರಂಪ್ ಸರ್ಕಾರ ಸಂಘಗಳ ಮೂಲಕ ವಿಮೆ ಮಾಡಿಸುವುದನ್ನು ಸಲೀಸು ಮಾಡಿತು, 2019ರ ಮಾರ್ಚ್‌ನಲ್ಲಿ ಕೋರ್ಟು ಅದರ ಮುಖ್ಯ ಭಾಗವನ್ನೇ ಹೊಡೆದುಹಾಕಿತು.

ಮತ್ತೆ ಸನ್ನಿವೇಲ್‌ಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಮನೆ ನವೀಕರಣಕ್ಕೆ ಅಡ್ವಾನ್ಸ್ ಅಂತ ಕೇಳಬಹುದಾದ್ದು ಒಟ್ಟು ಮೊತ್ತದ 10 ಪರ್ಸೆಂಟ್ ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. 30 ಪರ್ಸೆಂಟ್ ಕೇಳಿದ್ದೇ ಕಾನೂನಿಗೆ ವಿರುದ್ಧ. ಭಾವನಿಗೆ ಇದನ್ನು ಹೇಳಿದೆ. ಅವರು ವ್ಯಾನಿನ ಮೇಲಿದ್ದ ಲೈಸೆನ್ಸ್ ನಂಬರನ್ನು ಮಂಡಳಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದರು. ಲೈಸೆನ್ಸ್ ಅಸಲಿಯೇ, ಚಾಲ್ತಿಯಲ್ಲೂ ಇತ್ತು. ಆದರೆ ಅದು ಸಿ-36, ಬರೀ ಪ್ಲಂಬಿಂಗ್‌ಗೆ. ಕ್ಯಾಬಿನೆಟ್, ಕರೆಂಟು, ನೆಲ, ಗೋಡೆ ಎಲ್ಲ ಸೇರಿದ ಅಡುಗೆಮನೆ ಕೆಲಸಕ್ಕೆ ಅದು ಸಾಲದು. ಅದಕ್ಕೆ ಜನರಲ್ ಬಿಲ್ಡರ್‌ನ 'ಬಿ' ಲೈಸೆನ್ಸ್ ಬೇಕು, ಇಲ್ಲವೇ ರಿಮಾಡೆಲಿಂಗ್‌ಗೆಂದೇ 2021ರಲ್ಲಿ ಹೊಸದಾಗಿ ಶುರುವಾದ ಬಿ-2 ಬೇಕು.

ಭಾವ ಫೋನ್ ಮಾಡಿ ಕೇಳಿದರು. "ನಾನು ಸಂಘದ ಮೆಂಬರ್" ಅಂತ ಅವನು ಇನ್ನೊಮ್ಮೆ ಹೇಳಿದ. ಅದೂ ನಿಜವೇ ಆಗಿತ್ತು. ಭಾವ ಬೇರೆಯವರನ್ನು ಹುಡುಕಿದರು. ಬಿ-2 ಇದ್ದ ಹೆಂಗಸು ಬಂದರು, ಸಾವಿರ ಡಾಲರ್ ಅಡ್ವಾನ್ಸ್, ಸೀಸ ಪರೀಕ್ಷೆ ಮೊದಲು ಅಂದರು. ಅವರ ವ್ಯಾನಿನ ಮೇಲೂ ಅದೇ ಸ್ಟಿಕ್ಕರ್ ಇತ್ತು.